ಮನೆಯೇ ಶಾಲೆಯಾದ ಮೇಲೆ ಮಗಳಿಗೆ ಅಮ್ಮನೂ ಬೇಕು

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾದ ಮೇಲೆ ಪುಣೆಗೆ ಬಂದು ವಾಕಡ್‌ನಲ್ಲಿ ನೆಲೆಸಿದ್ದೇವೆ. ಪತಿ ಹಿಂಜವಡಿಯ ಐ.ಟಿ. ಕಂಪನಿಯೊಂದರಲ್ಲಿದ್ದಾರೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಈಗಷ್ಟೇ ಆರು ತುಂಬಿದೆ. ಮಗಳು ಎರಡನೆಯ ತರಗತಿಯಲ್ಲಿದ್ದಾಗ ಪ್ರತಿದಿನ ಬೆಳಿಗ್ಗೆ ಹೊಟ್ಟೆನೋವೆಂದು ಅಳುತ್ತಿದ್ದಳು. ವೈದ್ಯರು ದೇಹದಲ್ಲಿ ಏನೂ ತೊಂದರೆಯಿಲ್ಲವೆಂದರು. ಕೊನೆಗೆ ಅವಳನ್ನು ಶಾಲೆ ಬಿಡಿಸಿ, ಸಹಕಾರಿ ಬ್ಯಾಂಕಿನ ನನ್ನ ಕೆಲಸಕ್ಕೂ ರಾಜೀನಾಮೆ ಕೊಟ್ಟು ಮನೆಯಲ್ಲೇ ಕಲಿಸತೊಡಗಿದೆ. ಮಗನನ್ನು ಶಾಲೆಗೆ ಸೇರಿಸಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಸೂರ್ಯನಮಸ್ಕಾರ, ಆಮೇಲೆ ವಚನಪಾಠ, ಒಂಬತ್ತರಿಂದ ಹನ್ನೆರಡೂವರೆಯವರೆಗೆ ಗಣಿತ, ಇಂಗ್ಲಿಷ್, ವಿಜ್ಞಾನ, ಮಧ್ಯಾಹ್ನ ಹಿಂದುಸ್ತಾನಿ ಸಂಗೀತ, ಸಂಜೆ ಚದುರಂಗ, ರಾತ್ರಿ ಕನ್ನಡ ಕಥೆ. ಮಕ್ಕಳು ಮಲಗಿದ ಮೇಲೆ ಮರುದಿನದ ತಯಾರಿ. ಯಾವ ವಯಸ್ಸಿಗೆ ಏನು ಸಾಧಿಸಬೇಕೆಂದು ಹದಿನಾರರವರೆಗೆ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಹೊಟ್ಟೆನೋವು ನಿಂತಿದೆ, ಮಗಳು ಚೆನ್ನಾಗಿ ಓದುತ್ತಾಳೆ. ಆದರೆ ಈಚೆಗೆ ಭಿನ್ನರಾಶಿಯ ಲೆಕ್ಕ ಮತ್ತೆ ಮತ್ತೆ ತಪ್ಪಿದಾಗ ನಾನು ಅವಳ ಲೆಕ್ಕದ ಪುಸ್ತಕವನ್ನು ಎಸೆದುಬಿಟ್ಟೆ. ಸಂಜೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಶಾಲೆಯ ಬಸ್ ಬರುವ ಹೊತ್ತಿಗೆ ಅವಳು ಗ್ಯಾಲರಿಯಲ್ಲಿ ನಿಲ್ಲುತ್ತಾಳೆ; ಒಮ್ಮೆ ಒಳಗೆ ಬಂದು, ‘ಅಮ್ಮಾ, ನನಗೆ ಫ್ರೆಂಡ್ ಯಾರು?’ ಎಂದು ಕೇಳಿದಳು. ಹುಬ್ಬಳ್ಳಿಯಿಂದ ಅತ್ತೆಯವರು ಫೋನ್ ಮಾಡಿದಾಗಲೆಲ್ಲ, ‘ನಾಳೆ ಈ ಮಕ್ಕಳಿಗೆ ಸರ್ಟಿಫಿಕೇಟ್ ಯಾರು ಕೊಡ್ತಾರ?’ ಎನ್ನುತ್ತಾರೆ. ಈಗ ಹಳೆಯ ಬ್ಯಾಂಕಿನವರು ಮತ್ತೆ ಕರೆಯುತ್ತಿದ್ದಾರೆ. ನನಗೆ ಹೋಗಬೇಕೆನಿಸುತ್ತಿದೆ, ಹಾಗೆನಿಸುವುದಕ್ಕೇ ನಾಚಿಕೆಯೂ ಆಗುತ್ತಿದೆ. ಮಕ್ಕಳನ್ನು ಶಾಲೆಗೆ ಕಳುಹಿಸಿದರೆ ಸೋತಂತಾಗುವುದಿಲ್ಲವೇ? ನಾನು ಸ್ವಾರ್ಥಿಯೇ?

ಉತ್ತರ: ಪ್ರಿಯ ಸಹೋದರಿ, ಸ್ವಾರ್ಥದ ಪ್ರಶ್ನೆಯನ್ನು ಮೊದಲೇ ಬದಿಗಿಡೋಣ. ಮಗುವಿನ ಹೊಟ್ಟೆನೋವನ್ನು ನೆಪವೆಂದು ತಳ್ಳಿಹಾಕದೆ, ಅದರ ಹಿಂದಿನ ಭಯವನ್ನು ಗುರುತಿಸಿ, ಅದಕ್ಕಾಗಿ ಕೈಯಲ್ಲಿದ್ದ ನೌಕರಿಯನ್ನೇ ಬಿಟ್ಟ ತಾಯಿಗೆ ಆ ಮಾತು ಸಲ್ಲುವುದಿಲ್ಲ. ಆ ದಿನ ನೀವು ತೆಗೆದುಕೊಂಡ ನಿರ್ಧಾರ ಸರಿಯಾಗಿತ್ತು. ಅದು ಸರಿಯಾಗಿತ್ತೆಂಬುದನ್ನು ಹದಿನಾರನೆಯ ವಯಸ್ಸಿನವರೆಗೆ ದಿನದಿನವೂ ಸಾಬೀತುಪಡಿಸುತ್ತಲೇ ಇರಬೇಕೆಂದು ನೀವು ಅಂದುಕೊಂಡಿದ್ದೀರಿ. ನಿಮ್ಮ ದಣಿವು ಅಲ್ಲಿಂದ ಬಂದದ್ದೆಂದು ನನಗೆ ತೋರುತ್ತದೆ.

ನಿಮ್ಮ ಅತ್ತೆಯವರ ಪ್ರಶ್ನೆ ಒರಟಾಗಿ ಕೇಳಿಸಿದರೂ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಇದೆ. 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ಮನೆಯಲ್ಲೇ ಕಲಿಸುವುದಕ್ಕೆ ಅದು ಪ್ರತ್ಯೇಕ ಮಾನ್ಯತೆ ಕೊಟ್ಟಿಲ್ಲ; ಹಾಗೆ ಕಲಿಸುವ ಪಾಲಕರಿಗೆ ದಂಡವನ್ನೂ ವಿಧಿಸಿಲ್ಲ. ಇದು ನೀವು ತಿಳಿದೇ ನಡೆಯಬೇಕಾದ ಸಂಗತಿ. ಅದೇ ಕಾಯ್ದೆಯ ನಾಲ್ಕನೆಯ ಸೆಕ್ಷನ್ ನಿಮಗೆ ಬೆನ್ನೆಲುಬಾಗಿದೆ: ಶಾಲೆಗೆ ಸೇರದಿದ್ದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಆ ಮಗುವಿಗಿದೆ. ಅಂದರೆ ಮರಳುವ ದಾರಿಯನ್ನು ನೀವು ಮುಚ್ಚಿಕೊಂಡಿಲ್ಲ. ಮಗಳ ಹಳೆಯ ಶಾಲೆ ಕೊಟ್ಟ ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿಗಳನ್ನು ಮಾತ್ರ ಜೋಪಾನವಾಗಿಡಿ.

ಶಾಲೆಗೆ ಮರಳದೆಯೇ ಮುಂದುವರಿದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎಲ್ಲರೂ ಎನ್.ಐ.ಓ.ಎಸ್. ಎಂದು ಕರೆಯುವ ಮಂಡಳಿಯಿದೆ. 1989ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮಾನವಾದ ಮೂಲ ಶಿಕ್ಷಣದ ಹಂತಗಳನ್ನೂ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಪರೀಕ್ಷೆಗಳನ್ನೂ ನಡೆಸುತ್ತದೆ. ಹತ್ತನೆಯದಕ್ಕೆ ಹದಿನಾಲ್ಕು ವರ್ಷ ತುಂಬಿರಬೇಕು, ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಭಾಷೆಯಾಗಿ ಕನ್ನಡವನ್ನೇ ಆಯ್ದುಕೊಳ್ಳಬಹುದೆಂಬುದು ಪುಣೆಯಲ್ಲಿರುವ ನಿಮ್ಮಂಥವರಿಗೆ ದೊಡ್ಡ ಅನುಕೂಲ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುವುದರಿಂದ ಎಲ್ಲ ವಿಷಯಗಳನ್ನೂ ಒಂದೇ ಬಾರಿಗೆ ಹೊರಬೇಕಾಗಿಲ್ಲ. ಸಂಸ್ಥೆಯ ಪ್ರಾದೇಶಿಕ ಕೇಂದ್ರ ಪುಣೆಯಲ್ಲೇ ಇರುವುದರಿಂದ ನೀವೂ ನಿಮ್ಮ ಪತಿಯೂ ಒಮ್ಮೆ ಖುದ್ದಾಗಿ ಹೋಗಿ ಈಗಿನ ನಿಯಮಗಳನ್ನು ಕೇಳಿಕೊಂಡು ಬನ್ನಿ. ಆಮೇಲೆ ಅತ್ತೆಯವರಿಗೆ ಫೋನಿನಲ್ಲಿ ಹೇಳುವಾಗ ನಿಮ್ಮ ದನಿ ನಡುಗುವುದಿಲ್ಲ.

ಮನೆಯಲ್ಲೇ ಕಲಿಸುವವರು ಸೇರಿದಲ್ಲೆಲ್ಲ ಮುಂಬೈನ ಮಾಳವಿಕಾ ರಾಜ್ ಜೋಶಿಯವರ ಹೆಸರು ಬಂದೇ ಬರುತ್ತದೆ. ಏಳನೆಯ ತರಗತಿಯ ಹೊತ್ತಿಗೆ ಶಾಲೆ ಬಿಟ್ಟು, ಮನೆಯಲ್ಲಿ ಕಲಿತು, ಶಾಲಾ ವಯಸ್ಸಿನವರ ಕಂಪ್ಯೂಟರ್ ಪ್ರೋಗ್ರಾಮಿಂಗ್ ಸ್ಪರ್ಧೆಯಾದ ಅಂತರರಾಷ್ಟ್ರೀಯ ಇನ್‌ಫಾರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದ ಅವರು 2016ರಲ್ಲಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂ.ಐ.ಟಿ.ಗೆ ಸೇರಿದರು. ನಿಮ್ಮ ಗುರಿಗಳ ಪುಸ್ತಕದ ಹಿಂದೆಯೂ ಈ ಕಥೆ ಇದ್ದೀತೆಂದು ನನ್ನ ಊಹೆ. ಆ ಹುಡುಗಿಗೆ ಪ್ರೋಗ್ರಾಮಿಂಗ್‌ನ ಹುಚ್ಚು ತಾನಾಗಿ ಹಿಡಿದದ್ದು, ಅದನ್ನು ಯಾರೂ ವೇಳಾಪಟ್ಟಿಯಲ್ಲಿ ಬರೆದು ತಂದುಕೊಟ್ಟದ್ದಲ್ಲ ಎಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹನ್ನೆರಡನೆಯ ತರಗತಿಯ ಪ್ರಮಾಣಪತ್ರವಿಲ್ಲದ ಕಾರಣ ನಮ್ಮ ಐ.ಐ.ಟಿ.ಗಳ ಬಾಗಿಲು ಅವರಿಗೆ ತೆರೆಯಲಿಲ್ಲ ಎಂಬುದನ್ನೂ ಬಿಡುತ್ತಾರೆ. ಪದಕ ಗೆದ್ದವರ ಸ್ಥಿತಿಯೇ ಹೀಗಾದ ಮೇಲೆ ನಮ್ಮ ನಿಮ್ಮ ಮಕ್ಕಳಿಗೆ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಆ ಎರಡು ಪ್ರಮಾಣಪತ್ರಗಳು ಬೇಕೇ ಬೇಕು. ಅವುಗಳಾಚೆಗೆ ಹದಿನಾರನೆಯ ವಯಸ್ಸಿನವರೆಗಿನ ಯೋಜನೆ ಈಗ ಬೇಡ.

ಇನ್ನು ನಿಮ್ಮ ದಿನಚರಿ. ಅದನ್ನು ಓದುತ್ತಿದ್ದಂತೆ ನನಗೆ ಕಂಡದ್ದು, ನೀವು ಮಗಳನ್ನು ಶಾಲೆಯಿಂದ ಬಿಡಿಸಿದಿರಿ, ಆದರೆ ಶಾಲೆಯನ್ನು ಮನೆಗೆ ತಂದಿರಿ. ಅದೂ ಮೂರೂವರೆಗೆ ಗಂಟೆ ಬಾರಿಸದ ಶಾಲೆಯನ್ನು. ಶಾಲೆಯ ಆರು ಗಂಟೆಗಳಲ್ಲಿ ಹಾಜರಿ, ಪ್ರಾರ್ಥನೆ, ನಲವತ್ತು ಮಕ್ಕಳು ಬರೆದು ಮುಗಿಸಲೆಂದು ಕಾಯುವುದು, ಒಂದು ಪೀರಿಯಡ್‌ನಿಂದ ಇನ್ನೊಂದಕ್ಕೆ ಹೋಗುವುದು, ಎಲ್ಲವೂ ಸೇರಿರುತ್ತವೆ. ಎದುರಿಗೆ ಒಂದೇ ಮಗು ಕುಳಿತಿರುವಾಗ, ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಎರಡು ಗಂಟೆಯ ಗಮನವಿಟ್ಟ ಪಾಠ ಧಾರಾಳವಾಯಿತು. ಭಿನ್ನರಾಶಿಗೆ ಚಪಾತಿ ಹರಿಯುವುದೂ, ಅಡುಗೆಗೆ ಅರ್ಧ ಪಾವು, ಕಾಲು ಪಾವು ಅಳೆಯುವುದೂ ಸಾಕಷ್ಟು ಕಲಿಸುತ್ತವೆ. 1930ರ ದಶಕದಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಚಿತ್ರ, ಕುಣಿತಗಳ ಮೂಲಕ ಮಕ್ಕಳ ಕಲಿಕೆಯನ್ನು ಪ್ರಯೋಗಿಸಿ ನೋಡಿದ ಪರಂಪರೆ ನಮ್ಮದು. ನಿಮ್ಮ ಊರಿನಲ್ಲಿ ಆಯುಕಾ ಖಗೋಳ ಸಂಸ್ಥೆಯ ಆವರಣದಲ್ಲಿರುವ ಮುಕ್ತಾಂಗಣ ವಿಜ್ಞಾನ ಶೋಧಿಕೆ ಎಂಬ ಮಕ್ಕಳ ವಿಜ್ಞಾನ ಕೇಂದ್ರದಿಂದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವಿನ ಟ್ಯೂಬ್, ಹಳೆಯ ಪೇಪರುಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದರು. ಆ ವಿಧಾನಗಳೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಆಯುಕಾ ಸಾರ್ವಜನಿಕರಿಗೆ ತೆರೆದಿರುವುದು ವಾಡಿಕೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಪಾಠದ ಅವಧಿ ಕಡಿಮೆಯಾಗಬೇಕೆಂದು ನಾನು ಹೇಳುವುದಕ್ಕೆ ಇದಕ್ಕಿಂತಲೂ ಮುಖ್ಯವಾದ ಕಾರಣ ಬೇರೆಯಿದೆ. ಶಾಲೆಗೆ ಹೋಗುವ ಮಗು ಟೀಚರ್ ಬೈದರೆ ಸಂಜೆ ಮನೆಗೆ ಬಂದು ಅಮ್ಮನ ಮಡಿಲಲ್ಲಿ ಮುಖವಿಟ್ಟು ದೂರು ಹೇಳುತ್ತದೆ. ಪುಸ್ತಕ ಎಸೆದ ದಿನ ನಿಮ್ಮ ಮಗಳು ಯಾರಿಗೆ ದೂರು ಹೇಳಬೇಕಾಗಿತ್ತು? ಬೈದ ಟೀಚರೂ ನೀವೇ, ಸಮಾಧಾನ ಮಾಡಬೇಕಾದ ಅಮ್ಮನೂ ನೀವೇ, ಎರಡು ಕೋಣೆಗಳಾಚೆ ಊಟಕ್ಕೆ ಕರೆಯುವವರೂ ನೀವೇ. ನಿಮ್ಮನ್ನು ಹಳಿಯಲೆಂದು ಈ ಮಾತು ಹೇಳುತ್ತಿಲ್ಲ. ಎಂಥ ತಾಳ್ಮೆಯ ತಾಯಿಯೂ ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಎರಡು ಪಾತ್ರಗಳನ್ನು ಒಟ್ಟಿಗೆ ನಿಭಾಯಿಸಲಾರಳು. ಆದ್ದರಿಂದ ಹನ್ನೊಂದೂವರೆಗೆ ಪಾಠ ಮುಗಿಯಲಿ. ಮುಗಿದ ಮೇಲೆ ಅಂದು ತಪ್ಪಿದ ಲೆಕ್ಕದ ಮಾತು ಊಟದ ತಟ್ಟೆಯ ಮುಂದೆ ಬರಬಾರದು, ರಾತ್ರಿಯ ಕಥೆಯ ಕೊನೆಯಲ್ಲಿ ಪ್ರಶ್ನೋತ್ತರ ಇರಬಾರದು. ಪುಸ್ತಕ ಎಸೆದದ್ದಕ್ಕೆ ಮಗಳ ಬಳಿ ಕ್ಷಮೆ ಕೇಳಿಲ್ಲವಾದರೆ ಇವತ್ತೇ ಕೇಳಿಬಿಡಿ. ಒಂಬತ್ತು ವರ್ಷದ ಮಗುವಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಗಣಿತವನ್ನು ಸಂಪೂರ್ಣವಾಗಿ ನಿಮ್ಮ ಪತಿಯವರಿಗೆ ಒಪ್ಪಿಸಿ. ಮಕ್ಕಳ ಕಲಿಕೆಗಾಗಿ ಅವರು ಏನು ಮಾಡುತ್ತಾರೆಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲದಿರುವುದು ನನ್ನನ್ನು ಕಾಡಿತು. ಹಿಂಜವಡಿಯ ಟ್ರಾಫಿಕ್ ಎಷ್ಟೇ ಇದ್ದರೂ ಬೆಳಿಗ್ಗೆ ಹೊರಡುವ ಮುನ್ನ ಅರ್ಧ ಗಂಟೆ, ಶನಿವಾರ ಭಾನುವಾರಗಳಲ್ಲಿ ಒಂದೊಂದು ಗಂಟೆ ಮಗಳೊಡನೆ ಕುಳಿತು ಲೆಕ್ಕ ಮಾಡುವುದು ಐ.ಟಿ. ಕೆಲಸದ ತಂದೆಗೆ ಅಸಾಧ್ಯವಲ್ಲ. ಹಾಗೆ ಮಾಡಿದರೆ ಲೆಕ್ಕ ತಪ್ಪಿದಾಗ ಅವಳು ನಿಮ್ಮ ಬಳಿ ಓಡಿ ಬಂದು ಅಪ್ಪನ ಮೇಲೆ ದೂರು ಹೇಳಬಹುದು. ಅದೇ ರೀತಿ, ವಚನಪಾಠವನ್ನು ಅತ್ತೆಯವರಿಗೆ ಬಿಟ್ಟುಕೊಡಿ. ವಾರಕ್ಕೆ ಮೂರು ದಿನ ವಿಡಿಯೊ ಕರೆಯಲ್ಲಿ ಅಜ್ಜಿ ಒಂದು ವಚನ ಹೇಳಿಕೊಟ್ಟು ಅದರ ಹಿಂದಿನ ಕಥೆ ಹೇಳಲಿ. ಹೊರಗೆ ನಿಂತು ಪ್ರಶ್ನೆ ಕೇಳುತ್ತಿರುವ ಹಿರಿಯರಿಗೆ ಒಳಗೊಂದು ಕೆಲಸ ಕೊಟ್ಟರೆ ಮಾತಿನ ಧಾಟಿಯೇ ಬದಲಾಗುವುದುಂಟು. ಮಕ್ಕಳಿಗೆ ಹುಬ್ಬಳ್ಳಿಯ ಕನ್ನಡವೂ ಕಿವಿಗೆ ಬೀಳುತ್ತದೆ.

ಗೆಳತಿಯ ಪ್ರಶ್ನೆಯನ್ನು ನೀವು ಪತ್ರದ ನಡುವೆ ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಒಂಬತ್ತನೆಯ ವಯಸ್ಸಿಗೆ ತಮ್ಮನೊಬ್ಬನ ಜೊತೆ ಸಾಲದು. ತನ್ನ ಓರಗೆಯ, ತನ್ನ ಗುಟ್ಟನ್ನು ಕಾಯುವ, ಜಗಳವಾಡಿ ಮರುದಿನ ಮತ್ತೆ ಬರುವ ಒಬ್ಬಳು ಬೇಕು. ಚದುರಂಗದ ತರಗತಿಯಲ್ಲಿ ಎದುರಾಳಿ ಸಿಗುತ್ತಾಳೆ, ಗೆಳತಿ ಸಿಗುವುದು ಅಪರೂಪ. ಸಂಜೆ ಐದರಿಂದ ಏಳರವರೆಗೆ ಚದುರಂಗವನ್ನೂ ಸೇರಿದಂತೆ ಯಾವ ತರಗತಿಯನ್ನೂ ಇಡದೆ ಅವಳನ್ನು ಸೊಸೈಟಿಯ ಅಂಗಳಕ್ಕೆ ಬಿಡಿ, ನೀವು ಮೇಲೆಯೇ ಇರಿ. ಬಸ್ಸಿಳಿದು ಬಂದ ಮಕ್ಕಳಲ್ಲಿ ಒಬ್ಬಿಬ್ಬರನ್ನು ಶನಿವಾರ ಮಧ್ಯಾಹ್ನ ಮನೆಗೆ ಕರೆದು ಗಿರಮಿಟ್ಟು ಮಾಡಿ ಹಾಕಿ. ಸಾರಸಬಾಗ್ ಬಳಿಯ ಗರವಾರೆ ಬಾಲಭವನದಂಥ ಕಡೆ ಮಕ್ಕಳು ಬರಿಯ ಆಟಕ್ಕೆಂದೇ ಸೇರುತ್ತಾರೆ. ವಾಕಡ್‌ನಿಂದ ಅದು ದೂರವಾದೀತು, ಆದರೆ ಅಂಥದ್ದನ್ನು ನಿಮ್ಮ ಹತ್ತಿರ ಹುಡುಕಿ. ಎರಂಡವಣೆಯ ಗಣೇಶನಗರದಲ್ಲಿರುವ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದರೆ ಕನ್ನಡ ಮಾತಾಡುವ ಬೇರೆ ಮಕ್ಕಳೂ ಇದ್ದಾರೆಂಬುದು ಅವಳಿಗೆ ತಿಳಿಯುತ್ತದೆ. ಮನೆಯಲ್ಲೇ ಕಲಿಸುವ ಕುಟುಂಬಗಳು ಪುಣೆಯಲ್ಲಿ ಸಾಕಷ್ಟಿವೆ. ‘ಸ್ವಶಿಕ್ಷಣ್’ ಎಂಬ ಅಖಿಲ ಭಾರತ ಮಟ್ಟದ ಅವರ ಸಂಘಟನೆಯ ಮೂಲಕ ಹತ್ತಿರದವರನ್ನು ಹುಡುಕಬಹುದು.

ನಿಮ್ಮ ದೀರ್ಘ ಪಟ್ಟಿಯಲ್ಲಿ ಮರಾಠಿ ಎಲ್ಲಿಯೂ ಇಲ್ಲ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯ. ಮಗಳು ಮುಂದೆ ಶಾಲೆಗೆ ಮರಳಬೇಕೆಂದರೆ ಭಾಷೆಯೇ ತೊಡಕಾಗಬಾರದು. ಅಂಗಳದ ಗೆಳತಿಯರಿಂದ ಮಾತು ಬರುತ್ತದೆ, ನೀವು ಲಿಪಿಯನ್ನು ಕಲಿಸಿದರೆ ಸಾಕು. ಅದೇ ಲಿಪಿ ಹಿಂದಿಗೂ ಒದಗುತ್ತದೆ. ಕನ್ನಡವನ್ನು ಉಳಿಸಿಕೊಳ್ಳುವ ನಿಮ್ಮ ಹಂಬಲಕ್ಕೆ ಮರಾಠಿಯಿಂದ ಕುಂದೇನೂ ಆಗದು. ಧಾರವಾಡದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಗುರಿಗಳ ಪುಸ್ತಕವನ್ನು ಹರಿದು ಹಾಕಬೇಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ, ಅವಳಿಗೆ ಬೇಕೆನಿಸಿದ್ದಕ್ಕೆ ಅವಳೇ ಗುರುತು ಹಾಕಲಿ. ಸಂಗೀತ ಉಳಿದೀತು, ಚದುರಂಗ ಹೋದೀತು, ನೀವು ಊಹಿಸದ ಇನ್ನೇನೋ ಸೇರೀತು. ಆಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಬೇರೆ ಶಾಲೆಯೊಂದನ್ನು ನೋಡಿ ಬರೋಣವೇ? ಹೌದೆಂದರೆ ಎರಡು ಮೂರು ಶಾಲೆಗಳಿಗೆ ಅವಳನ್ನೇ ಕರೆದೊಯ್ಯಿರಿ. ಬೇಡವೆಂದರೆ ಇನ್ನೊಂದು ವರ್ಷ ಮನೆಯಲ್ಲೇ ಕಲಿಯಲಿ. ನಿರ್ಧಾರ ಒಂದು ವರ್ಷಕ್ಕೆ ಮಾತ್ರ, ಮುಂದಿನ ಮೇ ತಿಂಗಳಲ್ಲಿ ಮತ್ತೆ ಕೇಳಿದರಾಯಿತು.

ಮಗನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಜೂನ್‌ನಲ್ಲಿ ಅವನನ್ನು ಒಂದನೆಯ ತರಗತಿಗೆ ಸೇರಿಸಿ. ಶಾಲೆಯಲ್ಲಿ ನೋವುಂಡವಳು ಅಕ್ಕ, ಅವನಲ್ಲ. ಅವಳಿಗೆ ಸಿಕ್ಕ ಪರಿಹಾರವನ್ನು ಅವನಿಗೂ ಕೊಡಬೇಕಾದ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಆರು ವರ್ಷ ಈಗ ತುಂಬಿರುವುದರಿಂದ ಅವನು ಹಿಂದೆ ಬಿದ್ದಿಲ್ಲ. ಒಂದೇ ಮನೆಯಲ್ಲಿ ಒಬ್ಬರು ಶಾಲೆಗೆ ಹೋಗಿ ಇನ್ನೊಬ್ಬರು ಮನೆಯಲ್ಲಿ ಕಲಿಯುವುದರಲ್ಲಿ ಸೋಲು ಗೆಲುವಿನ ಮಾತಿಲ್ಲ. ಶಾಲೆ ಹತ್ತಿರದ್ದಾಗಿರಲಿ, ಮೊದಲ ತಿಂಗಳು ಅವನ ಮುಖವನ್ನು ಗಮನಿಸಿ. ಅಕ್ಕನ ಹೊಟ್ಟೆನೋವನ್ನು ಗುರುತಿಸಿದ ಕಣ್ಣುಗಳು ನಿಮಗಿವೆ.

ಕೊನೆಗೆ ಬ್ಯಾಂಕಿನ ಕೆಲಸ. ಮತ್ತೆ ಸೆರಗು ಸರಿಪಡಿಸಿಕೊಂಡು ಕೌಂಟರಿನಲ್ಲಿ ಕೂರಬೇಕು, ತಿಂಗಳ ಕೊನೆಗೆ ನಿಮ್ಮ ಹೆಸರಿನಲ್ಲಿ ಸಂಬಳ ಬರಬೇಕು, ವಯಸ್ಕರೊಡನೆ ನಾಲ್ಕು ಮಾತಾಡಬೇಕು ಎನಿಸುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಆದರೆ ಈ ತಿಂಗಳೇ ಸೇರಿಕೊಂಡರೆ ಮಗಳು ತಾನು ಫ್ರೆಂಡ್ ಬೇಕೆಂದು ಕೇಳಿದ್ದಕ್ಕೇ ಅಮ್ಮ ಬಿಟ್ಟು ಹೋದಳೆಂದು ತಿಳಿದಾಳು. ಬ್ಯಾಂಕಿನವರಿಗೆ ಪತ್ರ ಬರೆದು, ಜುಲೈನಿಂದ ಅರ್ಧ ದಿನದ ಕೆಲಸ ಸಾಧ್ಯವೇ ಎಂದು ಕೇಳಿ. ಅಷ್ಟರಲ್ಲಿ ಮಗ ಶಾಲೆಗೆ ಹೊಂದಿಕೊಂಡಿರುತ್ತಾನೆ, ಮಗಳ ನಿರ್ಧಾರವೂ ತಿಳಿದಿರುತ್ತದೆ. ಅವಳು ಮನೆಯಲ್ಲೇ ಉಳಿದರೆ ಬೆಳಗಿನ ಪಾಠ ಮುಗಿಸಿ ಮಧ್ಯಾಹ್ನ ನೀವು ಹೊರಡಬಹುದು. ಆ ಹೊತ್ತಿಗೆ ಪತಿಯವರು ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಲಿ, ಉಳಿದ ದಿನಗಳಿಗೆ ನಂಬಿಕೆಯ ನೆರೆಯವರನ್ನು ಗೊತ್ತುಮಾಡಿಕೊಳ್ಳಿ. ಬ್ಯಾಂಕಿನವರು ಅರ್ಧ ದಿನಕ್ಕೆ ಒಪ್ಪದಿದ್ದರೆ ಈ ಅವಕಾಶವನ್ನು ಬಿಟ್ಟು, ಅರ್ಧ ದಿನದ ಬೇರೆ ಕೆಲಸವನ್ನು ಹುಡುಕತೊಡಗಿ. ಪತಿಯವರೊಂದಿಗೆ ಈ ಮಾತನ್ನು ಬರುವ ಭಾನುವಾರವೇ ಆಡಿ, ಮಕ್ಕಳು ಅಂಗಳದಲ್ಲಿರುವಾಗ.