ಕಿವಿ, ಕಣ್ಣು ಎರಡೂ ಇಲ್ಲದವರ ಬಗ್ಗೆ ಮನೆಯವರಿಗೆ ತೋರಿಸುವಂಥ ಡಾಕ್ಯುಮೆಂಟರಿ ಯಾವುದು?

ನಿಮ್ಮ ಸೋದರಮಾವನಿಗೆ ಮೊದಲಿಂದಲೂ ಕಿವಿ ಕೇಳುವುದಿಲ್ಲ, ಈಗ ಕಣ್ಣೂ ಮಂಜಾಗುತ್ತಿದೆ, ಪುಣೆಯ ಮನೆಯಲ್ಲಿ ಎಲ್ಲರೂ ಕಂಗಾಲಾಗಿದ್ದಾರೆ ಎಂದು ಬರೆದಿದ್ದೀರಿ. ನಾನು ಮುಂಬೈಯಲ್ಲಿ ಇಂಥ ಮಕ್ಕಳಿಗೇ ಪಾಠ ಹೇಳುತ್ತೇನೆ. ವರ್ನರ್ ಹೆರ್ಜಾಗ್ 1971ರಲ್ಲಿ ಮಾಡಿದ 'ಲ್ಯಾಂಡ್ ಆಫ್ ಸೈಲೆನ್ಸ್ ಅಂಡ್ ಡಾರ್ಕ್‌ನೆಸ್' ನೋಡಿ. ಜರ್ಮನ್ ಚಿತ್ರ, ಸಬ್‌ಟೈಟಲ್ ಹಾಕಿಕೊಳ್ಳಿ. ಹೆಲೆನ್ ಕೆಲ್ಲರ್ ಬಗ್ಗೆ ಆಸ್ಕರ್ ಬಂದ ಡಾಕ್ಯುಮೆಂಟರಿಯೂ ಇದೆ, ಚೆನ್ನಾಗಿದೆ, ಆದರೆ ಅದು ಸಾಧಕಿಯ ಕಥೆ. ಹೆದರಿ ಕೂತಿರುವ ಮನೆಗೆ ಮೊದಲು ಇದೇ ಬೇಕು.

ಇದರಲ್ಲಿರುವುದು ಫಿನಿ ಸ್ಟ್ರಾಬಿಂಗರ್. ಹದಿಹರೆಯದಲ್ಲೇ ಕಣ್ಣು ಹೋಯಿತು, ಆಮೇಲೆ ಕಿವಿ. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು ಎದ್ದು, ತಮ್ಮಂಥವರನ್ನು ಹುಡುಕಿಕೊಂಡು ಊರೂರು ತಿರುಗುತ್ತಾರೆ. ನೀವು ಅವರ ಕೈಯನ್ನೇ ನೋಡಿ. ಪಕ್ಕದವರು ಅವರ ಅಂಗೈ ಮೇಲೆ ಸರಸರ ಬೆರಳಾಡಿಸುತ್ತಿರುತ್ತಾರೆ. ಅದು ಲೋರ್ಮ್ ಅಕ್ಷರಮಾಲೆ: ಎ, ಇ, ಐ, ಓ, ಯು ಐದೂ ಹೆಬ್ಬೆರಳಿಂದ ಕಿರುಬೆರಳವರೆಗೆ ಐದು ತುದಿಗಳಲ್ಲಿ, ಉಳಿದ ಅಕ್ಷರಗಳಿಗೆ ಬೇರೆ ಬೇರೆ ಜಾಗ, ಬೇರೆ ಬೇರೆ ಗೀಟು.

ಆಮೇಲೆ 22 ವರ್ಷದ ವ್ಲಾದಿಮಿರ್ ಬರುತ್ತಾನೆ. ಹುಟ್ಟಿದಾಗಿಂದ ಹೀಗೇ, ಕಲಿಸುವವರೂ ಸಿಗಲಿಲ್ಲ. ರೇಡಿಯೋ ಕೊಟ್ಟರೆ ಎದೆಗೆ ಅವುಚಿಕೊಳ್ಳುತ್ತಾನೆ, ಅದರ ಅದುರು ಅವನಿಗೆ ಸಿಗುತ್ತದೆ. ಇಲ್ಲಿ ಮನೆಯವರಿಗೆ ಅಳು ಬರಬಹುದು. ಬರಲಿ. ಆದರೆ ನಿಮ್ಮ ಮಾವನಿಗೆ ಓದು ಬರಹ ಬರುತ್ತದೆ ಅಂದಿದ್ದೀರಲ್ಲ, ಅದು ದೊಡ್ಡ ಬಲ. ಕಣ್ಣು ಇನ್ನೂ ಇಷ್ಟಾದರೂ ಕಾಣುವಾಗಲೇ ಅವರ ಅಂಗೈ ಮೇಲೆ ಒಂದೊಂದೇ ಅಕ್ಷರ, ಒಂದರ ಮೇಲೊಂದು, ದೊಡ್ಡದಾಗಿ ಬರೆಯೋಕೆ ಶುರು ಮಾಡಿ. ಊಟಕ್ಕೆ ಏನು ಬೇಕು, ಯಾರು ಬಂದರು, ಎಲ್ಲವನ್ನೂ ಹೇಳಿ.

ಹಿಂದಿನಿಂದ ಹೋಗಿ ತಟ್ಟನೆ ಹಿಡಿಯಬೇಡಿ. ಅಂಗೈ ಹಿಂಭಾಗವನ್ನು ಮೆಲ್ಲಗೆ ಮುಟ್ಟಿ, ಅವರ ಕೈ ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ಯಾರು ಬಂದಿದ್ದಾರೆ ಎಂಬುದಕ್ಕೂ ಒಂದು ಗುರುತು ಬೇಕು. ನನ್ನ ಒಬ್ಬ ವಿದ್ಯಾರ್ಥಿನಿ ಮೊದಲು ನನ್ನ ಕಡಗ ತಿರುಗಿಸಿ ನೋಡುತ್ತಾಳೆ, ಆಮೇಲೇ ನಗು. ಹಾಗಾಗಿ ನಾನು ಅದನ್ನು ಬದಲಾಯಿಸುವುದೇ ಇಲ್ಲ.

ಮುಂಬೈಯಲ್ಲಿ 1977ರಿಂದ ಹೆಲೆನ್ ಕೆಲ್ಲರ್ ಇನ್‌ಸ್ಟಿಟ್ಯೂಟ್ ಇದೆ. ಫೋನ್ ಮಾಡಿ, ದೊಡ್ಡವರಿಗೆ ತರಬೇತಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಬರುವಾಗ ಮಾವನನ್ನು ಕರೆದುಕೊಂಡೇ ಬನ್ನಿ. ಅವರ ವಿಷಯವನ್ನು ಅವರನ್ನು ಬಿಟ್ಟು ಮಾತಾಡಬೇಡಿ.