ಮನೆಯ ಜಿಮ್‌ಗೆ ಅಗ್ಗದ ಕನ್ನಡಿ ಯಾವುದು? ಕನ್ನಡಿಗಿಂತ ಮೊದಲು ಅಂಟನ್ನು ಕೇಳಿ

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಬಾರ್‌ಬೆಲ್, ಡಂಬೆಲ್ ಇಟ್ಟುಕೊಂಡಿದ್ದೀರಿ, ಒಂದು ಗೋಡೆಗೆ ಪೂರ್ತಿ ಕನ್ನಡಿ ಹಾಕಬೇಕು, ಗಾಜಿನದು ಅಗ್ಗವೋ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನದು ಅಗ್ಗವೋ ಎಂದು ಕೇಳಿದ್ದೀರಿ. ಮನೆ ಬಾಡಿಗೆಯದು ಎಂಬುದನ್ನು ಕಟ್ಟಕಡೆಯ ಸಾಲಿನಲ್ಲಿ ಸೇರಿಸಿದ್ದೀರಿ. ಅದನ್ನೇ ಮೊದಲು ಬರೆಯಬೇಕಿತ್ತು. ಏಳು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದವನು, ಮತ್ತು ಅಗ್ಗದ ಕನ್ನಡಿಯನ್ನೇ ಕೊಂಡು ಅದಕ್ಕೆ ಎರಡು ಸಲ ದುಡ್ಡು ಕೊಟ್ಟವನು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ. ಮನೆಯ ಹಿಂಬದಿಯಲ್ಲಿ ಅಡಿಕೆ ಚೀಲ ಪೇರಿಸುತ್ತಿದ್ದ ಕೋಣೆಯೊಂದು ತೆರವಾದಾಗ, ಅಪ್ಪನನ್ನು ಹೇಗೋ ಒಪ್ಪಿಸಿ ಅದನ್ನು ವ್ಯಾಯಾಮದ ಕೋಣೆ ಮಾಡಿಕೊಂಡೆ. ಪಟ್ಟಣದ ಜಿಮ್ಮುಗಳಲ್ಲಿ ಕಂಡಂತೆ ಒಂದು ಗೋಡೆ ಪೂರ್ತಿ ಮಿನುಗಬೇಕೆಂಬುದು ನನ್ನ ಆಸೆಯಾಗಿತ್ತು. ಗಾಜಿನ ಅಂಗಡಿಯಲ್ಲಿ 5 ಮಿ.ಮೀ. ದಪ್ಪದ, ಐದಡಿ ಎತ್ತರ ಮೂರಡಿ ಅಗಲದ ಮೂರು ಹಲಗೆಗಳನ್ನು ಚದರಡಿಗೆ 95 ರೂಪಾಯಿಯಂತೆ ಕತ್ತರಿಸಿಕೊಟ್ಟರು. ಒಟ್ಟು 45 ಚದರಡಿಗೆ 4,275 ರೂಪಾಯಿ ಆಯಿತು. ಕೂರಿಸಲು ತಮ್ಮ ಹುಡುಗರನ್ನು ಕಳುಹಿಸುತ್ತೇನೆ, 1,500 ರೂಪಾಯಿ ಆಗುತ್ತದೆ ಎಂದು ಅಂಗಡಿಯವರು ಹೇಳಿದಾಗ ನಾನು ನಕ್ಕೆ. ಅಂಟು ಹಚ್ಚಿ ಗೋಡೆಗೆ ಒತ್ತುವುದಕ್ಕೆ ಅಷ್ಟು ಹಣವೇ ಎಂದುಕೊಂಡು, ಬರುವ ದಾರಿಯಲ್ಲೇ ಹಾರ್ಡ್‌ವೇರ್ ಅಂಗಡಿಯೊಂದರಿಂದ ಸಿಂಕಿನ ಸಂದಿಗೆ ಹಚ್ಚುವ ಪಾರದರ್ಶಕ ಸಿಲಿಕೋನಿನ ನಾಲ್ಕು ಟ್ಯೂಬು ತಂದೆ.

ಆ ಟ್ಯೂಬಿನ ಮೂತಿ ಕತ್ತರಿಸಿದ ಕೂಡಲೇ ಕೋಣೆಯ ತುಂಬ ವಿನೆಗರ್ ವಾಸನೆ ಹರಡಿತು. ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಂತಾಯಿತು ಎಂದು ತಮ್ಮ ತಮಾಷೆ ಮಾಡಿದ್ದು ನನಗೆ ಇಂದಿಗೂ ನೆನಪಿದೆ, ಏಕೆಂದರೆ ಮುಂದೆ ಆದ ಅನಾಹುತದ ಮುನ್ಸೂಚನೆ ಇದ್ದದ್ದು ಆ ವಾಸನೆಯಲ್ಲೇ. ಪ್ರತಿ ಹಲಗೆಯ ಬೆನ್ನಿಗೆ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಸಾಲಾಗಿ ಇಟ್ಟು ಗೋಡೆಗೆ ಒತ್ತಿದೆ. ಸಾಲದ್ದಕ್ಕೆ, ಮಳೆಗಾಲದ ನೀರು ಒಳಗೆ ಹೋಗಬಾರದೆಂದು ನಾಲ್ಕೂ ಅಂಚುಗಳಿಗೆ ಅದೇ ಸಿಲಿಕೋನನ್ನು ಬಳಿದು ಭದ್ರವಾಗಿ ಮುಚ್ಚಿದೆ. ಅದನ್ನು ನನ್ನ ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಜೂನ್ ಕೊನೆಯ ಹೊತ್ತಿಗೆ ಆರಿದ್ರಾ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಬಾರ್ ಅನ್ನು ತಲೆಯ ಮೇಲೆತ್ತಿ ನಿಂತಿದ್ದಾಗ ಎಡಭುಜದ ಮೇಲೆ ಕಪ್ಪು ಕಲೆ ಕಂಡಿತು. ಬಾರ್ ಇಳಿಸಿ ಬನಿಯನ್ ಒರೆಸಿಕೊಂಡೆ, ಹೋಗಲಿಲ್ಲ. ಕನ್ನಡಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದರೆ ಉಗುರಿಗೆ ಗಾಜಿನ ನುಣುಪಲ್ಲದೆ ಬೇರೇನೂ ಸಿಗಲಿಲ್ಲ. ಕಲೆ ಇದ್ದದ್ದು ಗಾಜಿನ ಆಚೆ ಬದಿಯಲ್ಲಿ. ಹದಿನೈದು ದಿನಗಳಲ್ಲಿ ಅಂಥವು ಒಂದರ ಕೆಳಗೊಂದು ಸಾಲುಗಟ್ಟಿದವು, ಮತ್ತು ಆ ಸಾಲು ನಾನು ಇಟ್ಟಿದ್ದ ಉಂಡೆಗಳ ಸಾಲೇ ಆಗಿತ್ತು. ಗೌರಿಹಬ್ಬದ ಹೊತ್ತಿಗೆ ಕೆಳಗಿನ ಅಂಚಿನಿಂದ ಕಪ್ಪು ಮೇಲಕ್ಕೆ ಏರತೊಡಗಿತ್ತು.

ಇದು ಏಕಾಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಕನ್ನಡಿಯಲ್ಲಿ ನಮ್ಮ ಮುಖ ತೋರಿಸುವುದು ಗಾಜಲ್ಲ, ಗಾಜಿನ ಬೆನ್ನಿಗೆ ಕೂರಿಸಿದ ಬೆಳ್ಳಿಯ ಪದರ. ಅದು ಕೂದಲೆಳೆಯ ನೂರರಲ್ಲಿ ಒಂದು ಪಾಲಿಗಿಂತಲೂ ತೆಳುವಾಗಿರುತ್ತದೆ, ಅದರ ರಕ್ಷಣೆಗೆಂದು ಹಿಂದೆ ಬಣ್ಣದ ಲೇಪ ಕೊಟ್ಟಿರುತ್ತಾರೆ. ನಾನು ತಂದ ಸಿಲಿಕೋನು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಗಟ್ಟಿಯಾಗುವ ಬಗೆಯದು, ಮತ್ತು ಹಾಗೆ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ವಿನೆಗರಿನ ಹುಳಿಯೂ ಇದೇ ಆಮ್ಲದ್ದು. ಸಿಂಕಿನ ಸಂದಿಯಲ್ಲಾದರೆ ಆ ಆಮ್ಲ ಗಾಳಿಯಲ್ಲಿ ಹಾರಿಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಕನ್ನಡಿಯ ಹಿಂದೆ ಒಂದು ಕಡೆ ಗಾಜು, ಇನ್ನೊಂದು ಕಡೆ ಗೋಡೆ, ಸುತ್ತಲೂ ನಾನೇ ಬಳಿದು ಮುಚ್ಚಿದ ಅಂಚು ಇರುವಾಗ ಅದಕ್ಕೆ ಹೊರಹೋಗುವ ದಾರಿಯೇ ಇರಲಿಲ್ಲ. ದಪ್ಪ ಉಂಡೆಯ ನಡುಭಾಗಕ್ಕೆ ತೇವ ತಲುಪುವುದು ತಡವಾದ್ದರಿಂದ ಅದು ವಾರಗಟ್ಟಲೆ ಹಸಿಯಾಗಿಯೇ ಉಳಿದು ಆಮ್ಲ ಬಿಡುತ್ತಲೇ ಇತ್ತು, ಆಮ್ಲ ಬಣ್ಣದ ಲೇಪವನ್ನು ದಾಟಿ ಬೆಳ್ಳಿಯನ್ನು ತಿಂದಿತು. ಮಲೆನಾಡಿನ ಪಡುವಣ ಗೋಡೆ ಮಳೆಗಾಲದಲ್ಲಿ ಒಳಗಿನಿಂದ ಬೆವರುತ್ತದೆ. ಆ ನೀರೂ ಮುಚ್ಚಿದ ಅಂಚಿನೊಳಗೆ ನಿಂತು, ಕೆಳಗಿನಿಂದ ತನ್ನ ಪಾಲಿನ ಕೆಲಸ ಮಾಡಿತು. ನೀರು ಹೊರಗಿನಿಂದ ಬರುತ್ತದೆಂದು ಹೆದರಿ ಬಾಗಿಲು ಹಾಕಿದ್ದೆ, ಅದು ಒಳಗೇ ಇತ್ತು.

ಬಿಚ್ಚುವ ಕಥೆ ಇನ್ನೂ ಕೆಟ್ಟದ್ದು. ಗಟ್ಟಿಯಾದ ಸಿಲಿಕೋನು ಸುಲಭವಾಗಿ ಬಿಡುವುದಿಲ್ಲ. ಕನ್ನಡಿಯ ಹಿಂದೆ ತೆಳುವಾದ ಉಕ್ಕಿನ ತಂತಿ ತೂರಿಸಿ, ಇಬ್ಬರು ಎರಡು ತುದಿ ಹಿಡಿದು ಗರಗಸದಂತೆ ಎಳೆದು ಒಂದೊಂದೇ ಉಂಡೆಯನ್ನು ಕತ್ತರಿಸಿದೆವು. ಎರಡು ಹಲಗೆಗಳು ಸೀಳಿದವು. ಮೂರನೆಯದು ಗೋಡೆಯ ಬಣ್ಣವನ್ನೂ ಗಾರೆಯ ಒಂದಿಷ್ಟು ಹೆಕ್ಕಳಿಕೆಯನ್ನೂ ಕಿತ್ತುಕೊಂಡು ಬಂದಿತು. ಅದೀಗ ಬಚ್ಚಲುಮನೆಯ ಹೊರಗೆ ಒರಗಿ ನಿಂತಿದೆ, ಅಪ್ಪ ಕಲೆಗಳ ನಡುವೆ ಮುಖ ಹುಡುಕಿಕೊಂಡು ಗಡ್ಡ ಹೆರೆಯುತ್ತಾರೆ. ಬಾಡಿಗೆಯ ಮನೆಯಲ್ಲಿ ಹೀಗಾಗಿದ್ದರೆ ಮುಂಗಡದ ಹಣಕ್ಕೆ ಏನಾಗುತ್ತಿತ್ತೆಂದು ನೀವೇ ಲೆಕ್ಕ ಹಾಕಿ.

ಆದ್ದರಿಂದ ನಿಮಗೆ ನನ್ನ ಮೊದಲ ಮಾತು: ಬಾಡಿಗೆ ಮನೆಯ ಗೋಡೆಗೆ ಯಾವ ಅಂಟನ್ನೂ ಹಚ್ಚಬೇಡಿ. ಕೆಳಗೆ ಅಲ್ಯುಮಿನಿಯಮ್ಮಿನ ಚಾನೆಲ್ (ಕನ್ನಡಿಯ ಅಂಚು ಕೂರುವ ತೋಡಿರುವ ಪಟ್ಟಿ), ಮೇಲೆ ಕ್ಲಿಪ್ಪುಗಳು, ಇಷ್ಟಕ್ಕೆ ಕೆಲವು ತೂತು ಸಾಕು. ಹೋಗುವಾಗ ಅವನ್ನು ಪುಟ್ಟಿಯಿಂದ ಮುಚ್ಚಿದರೆ ಮಾಲೀಕರು ತಕರಾರು ಎತ್ತುವುದಿಲ್ಲ, ಆದರೂ ಮೊದಲೇ ಅವರ ಒಪ್ಪಿಗೆ ಪಡೆಯಿರಿ. ಭಾರವೆಲ್ಲ ಚಾನೆಲ್ಲಿನ ಮೇಲೆ ಕೂರಬೇಕು, ಕ್ಲಿಪ್ಪು ಮುಂದಕ್ಕೆ ಬೀಳದಂತೆ ಹಿಡಿದರೆ ಸಾಕು. ಗಾಜು ನೇರವಾಗಿ ಲೋಹಕ್ಕೆ ತಾಗದಂತೆ ನಡುವೆ ರಬ್ಬರಿನ ತುಂಡಿರಲಿ, ಕನ್ನಡಿಗೂ ಗೋಡೆಗೂ ನಡುವೆ ಗಾಳಿಯಾಡಲು ನಾಲ್ಕೈದು ಮಿಲಿಮೀಟರಾದರೂ ಜಾಗ ಇರಲಿ. ಹೊರಗೋಡೆಯನ್ನು ಬಿಟ್ಟು ಎರಡು ಕೋಣೆಗಳ ನಡುವಿನ ಗೋಡೆಯನ್ನು ಆರಿಸಿಕೊಳ್ಳಿ.

ಎರಡನೆಯ ಮಾತು ನಿಮಗೆ ರುಚಿಸದೆ ಹೋಗಬಹುದು. ಗೋಡೆ ಪೂರ್ತಿ ಕನ್ನಡಿ ನಿಮಗೆ ಬೇಕಾಗಿಲ್ಲ. ಜಿಮ್ಮುಗಳಲ್ಲಿ ಅದು ಇರುವುದು ಹತ್ತಾರು ಜನ ಒಟ್ಟಿಗೆ ನೋಡಿಕೊಳ್ಳಲಿ, ಕೋಣೆ ದೊಡ್ಡದಾಗಿ ಕಾಣಲಿ ಎಂದು. ಒಬ್ಬನ ಇಡೀ ದೇಹ ಕಾಣಲು ಅವನ ಎತ್ತರದ ಅರ್ಧದಷ್ಟು ಕನ್ನಡಿ ಸಾಕೆಂದು ಶಾಲೆಯಲ್ಲೇ ಓದಿದ್ದೇವೆ, ಎಷ್ಟು ದೂರ ನಿಂತರೂ ಲೆಕ್ಕ ಬದಲಾಗುವುದಿಲ್ಲ. ಆದರೆ ವ್ಯಾಯಾಮದಲ್ಲಿ ಕಣ್ಣು ಏರಿಳಿಯುತ್ತದೆಯಾದ್ದರಿಂದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೇಕು. ನನ್ನ ಎತ್ತರ ಐದಡಿ ಎಂಟಿಂಚು. ಸ್ಕ್ವಾಟ್‌ನಲ್ಲಿ ಕೂತಾಗ ಕಣ್ಣು ನೆಲದಿಂದ ಸುಮಾರು 40 ಇಂಚು ಮೇಲಿರುತ್ತದೆ, ಆಗಲೂ ಪಾದ ಕಾಣಬೇಕಾದರೆ ಕನ್ನಡಿಯ ಕೆಳ ಅಂಚು ಅದರ ಅರ್ಧದಲ್ಲಿ, ಎಂದರೆ 20 ಇಂಚಿನಲ್ಲಿ ಇರಬೇಕು. ನಿಂತು ಬಾರ್ ಅನ್ನು ಮೇಲೆತ್ತಿದಾಗ ಅದು 84 ಇಂಚಿನಲ್ಲಿ, ಕಣ್ಣು 64 ಇಂಚಿನಲ್ಲಿ ಇರುತ್ತವೆ. ಇವೆರಡರ ನಡುಮಧ್ಯ 74 ಇಂಚು, ಅದೇ ಮೇಲಂಚು. ಹಾಗಾಗಿ ನಾಲ್ಕೂವರೆ ಅಡಿ ಎತ್ತರ. ಏಳಡಿಯ ಬಾರಿನ ಎರಡೂ ತುದಿ ಕಾಣಲು ಅಗಲ ನಾಲ್ಕಡಿ ಸಾಕು. ಒಟ್ಟು 18 ಚದರಡಿ, 5 ಮಿ.ಮೀ. ದಪ್ಪದಲ್ಲಿ ಸುಮಾರು 21 ಕಿಲೋ ತೂಕ. ನೀವು ಅಂದುಕೊಂಡಿರುವ ಗೋಡೆಯಲ್ಲಿ ಹತ್ತಡಿ ಅಗಲ, ಆರಡಿ ಎತ್ತರವೆಂದು ಹಿಡಿದರೂ 60 ಚದರಡಿ ಆಗುತ್ತದೆ. ಉಳಿತಾಯ ಮಾಡಬೇಕಾದದ್ದು ಇಲ್ಲಿ, ಅಂಟಿನಲ್ಲಲ್ಲ. ಕೆಳ ಅಂಚು 20 ಇಂಚಿನಲ್ಲಿದ್ದರೆ ಇನ್ನೊಂದು ಲಾಭವೂ ಇದೆ: ಬಾರಿಗೆ ತೂಕಕ್ಕೆಂದು ಹಾಕುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರು, ಅಂದರೆ ಸುಮಾರು 18 ಇಂಚು, ಆದ್ದರಿಂದ ಅದು ಉರುಳಿಹೋಗಿ ಗುದ್ದಿದರೂ ಗೋಡೆಗೆ ಗುದ್ದುತ್ತದೆ, ಕನ್ನಡಿಗಲ್ಲ.

ಅಕ್ರಿಲಿಕ್ ಬೇಡ. ಅದರ ತೂಕ ಗಾಜಿನ ಅರ್ಧದಷ್ಟೂ ಇಲ್ಲ, ಗಾಜಿನಂತೆ ಒಡೆದು ಚೂರಾಗುವುದಿಲ್ಲ ಎಂಬುದೆಲ್ಲ ನಿಜ. ಆದರೆ ತೆಳುವಾದ ಅಕ್ರಿಲಿಕ್ ಹಾಳೆ ಗೋಡೆಯ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತದೆ, ಜಾತ್ರೆಯ ನಗೆಗನ್ನಡಿಯಂತೆ ಸೊಂಟವನ್ನು ಒಂದು ಕಡೆ ಎಳೆದು ತೋರಿಸುತ್ತದೆ. ಬೆನ್ನು ನೆಟ್ಟಗಿದೆಯೇ ಎಂದು ನೋಡಿಕೊಳ್ಳಲು ತಂದ ವಸ್ತುವೇ ಸೊಟ್ಟಗಿದ್ದರೆ ಅದು ಎಷ್ಟು ಅಗ್ಗವಾದರೇನು? ಬೆವರಿನ ಬಟ್ಟೆಯಿಂದ ನಾಲ್ಕು ಸಲ ಒರೆಸಿದರೆ ಗೀರುಗಳೂ ಬೀಳುತ್ತವೆ. ಅದಕ್ಕಿಂತ ಮುಚ್ಚಿಹೋದ ಸಲೂನು, ಬಟ್ಟೆಯಂಗಡಿಗಳ ಹಳೆಯ ಗಾಜಿನ ಕನ್ನಡಿಯನ್ನು ಹುಡುಕಿ. ಅಂಚುಗಳಲ್ಲಿ ಕಪ್ಪು ಇಣುಕುತ್ತಿದ್ದರೆ ಬಿಟ್ಟುಬಿಡಿ, ಅದು ಮುಂದೆ ಬೆಳೆಯುತ್ತದೆ. ಕನ್ನಡಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನೋಡುತ್ತ ಪಕ್ಕಕ್ಕೆ ಸರಿಯಿರಿ. ಆ ಗೆರೆ ಎಲ್ಲಿಯೂ ಅಲೆಯಾಗದಿದ್ದರೆ ಕೊಳ್ಳಿ.

ಗಾಜು ಒಡೆದರೆ ಉದ್ದುದ್ದ ಚೂರಿಗಳಾಗುತ್ತದೆಂಬ ಭಯ ಸರಿಯಾದದ್ದೇ. ಅದಕ್ಕೆ ಟಫನ್ ಮಾಡಿದ, ಎಂದರೆ ಕಾಯಿಸಿ ಗಟ್ಟಿಗೊಳಿಸಿದ ಕನ್ನಡಿಯನ್ನು ಹುಡುಕಿ ಹೋಗಬೇಕಾಗಿಲ್ಲ. ಟಫನ್ ಆದ ಗಾಜನ್ನು ಆಮೇಲೆ ಕತ್ತರಿಸಲಾಗದು, ಬಿಂಬವೂ ತುಸು ಅಲೆಯಾಗುತ್ತದೆ. ಸಾಮಾನ್ಯ ಕನ್ನಡಿಯ ಬೆನ್ನಿಗೆ ಸೇಫ್ಟಿ ಫಿಲ್ಮ್ ಅಂಟಿಸಿಕೊಡಿ ಎಂದು ಗಾಜಿನ ಅಂಗಡಿಯಲ್ಲೇ ಕೇಳಿ, ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಂಡಿರುತ್ತವೆ.

ನಮ್ಮ ಮಾವ ಚಿಕ್ಕಂದಿನಲ್ಲಿ ಮೈಸೂರಿನ ಗರಡಿಮನೆಯಲ್ಲಿ ಸಾಮು ಮಾಡಿದವರು. ಅಲ್ಲಿ ಕನ್ನಡಿ ಇರಲಿಲ್ಲ, ಬೆನ್ನು ಬಾಗಿದರೆ ಉಸ್ತಾದರ ಕೈ ಬೆನ್ನಿನ ಮೇಲೆ ಬೀಳುತ್ತಿತ್ತು ಎನ್ನುತ್ತಾರೆ. ನನಗೆ ಉಸ್ತಾದರಿಲ್ಲ, ಆದರೆ ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರ್ ಅನ್ನು ಎತ್ತಿ ನಿಲ್ಲುವುದು) ಮಾಡುವಾಗ ಪಕ್ಕದ ಕನ್ನಡಿ ನೋಡಲು ಕತ್ತು ತಿರುಗಿಸಿ ಎರಡು ದಿನ ನರಳಿದ ಮೇಲೆ, ಫೋನನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಚಿತ್ರೀಕರಿಸಿಕೊಳ್ಳುವುದನ್ನು ಕಲಿತೆ. ಎದುರಿನ ಕನ್ನಡಿ ಮೊಣಕಾಲು ಒಳಗೆ ಬೀಳುವುದನ್ನು, ಬಾರ್ ವಾಲುವುದನ್ನು ತೋರಿಸುತ್ತದೆ, ಬೆನ್ನು ಗೂನಾಗುವುದನ್ನು ತೋರಿಸುವುದಿಲ್ಲ. ಆದ್ದರಿಂದ ಎದುರಿಗೆ ಒಂದು ಹಲಗೆ ಹಾಕಿ, ಪಕ್ಕದ ಗೋಡೆಯನ್ನು ಖಾಲಿ ಬಿಡಿ.

ಮುಂದೆ ಸ್ವಂತ ಮನೆಗೆ ಹೋಗಿ ಅಂಟಿಸಲೇಬೇಕೆಂದರೆ, ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡದ ಬಗೆ) ಎಂದು ಬರೆದಿರುವುದನ್ನು, ಕನ್ನಡಿಗೆ ಆಗುತ್ತದೆಂದು ನಮೂದಿಸಿರುವುದನ್ನು ಓದಿ ನೋಡಿಯೇ ಕೊಳ್ಳಿ. ಗೋಡೆಯ ಬಣ್ಣವನ್ನು ಕೆರೆದು, ಅಂಟನ್ನು ಉಂಡೆಯಾಗಿ ಇಡದೆ ಮೇಲಿನಿಂದ ಕೆಳಕ್ಕೆ ಉದ್ದ ಗೆರೆಗಳಾಗಿ ಎಳೆಯಿರಿ, ಅಂಚುಗಳನ್ನು ಮುಚ್ಚಬೇಡಿ. ಆಗಲೂ ಕೆಳಗಿನ ಚಾನೆಲ್ ಇರಲಿ. ಟ್ಯೂಬಿನ ಮೂತಿ ಕತ್ತರಿಸಿದ ಕೂಡಲೇ ಒಮ್ಮೆ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಅದನ್ನು ಕನ್ನಡಿಯ ಹತ್ತಿರಕ್ಕೂ ತರಬೇಡಿ.