ಓದುಗರು ಕೇಳಿದ್ದು: ಅಂಗಾಲಿನ ಕಪ್ಪು ಕಲೆ, ಆಮೇಲಿನ ಓಡಾಟ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 62 ವರ್ಷ, ತೋಟದ ಕೆಲಸ. ಹಿಮ್ಮಡಿಯ ಪಕ್ಕ ವರ್ಷದಿಂದ ಕಪ್ಪು ಕಲೆ ಇದೆ. ಆಣಿ ಎಂದುಕೊಂಡು ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚಿ ಸುಟ್ಟದ್ದೂ ಆಯಿತು. ಈಗ ಅಗಲವಾಗಿದೆ, ಚಪ್ಪಲಿ ತಾಗಿದರೆ ರಕ್ತ ಒಸರುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇರಬಹುದು ಎನ್ನುತ್ತಾರೆ. ಅದು ಬಿಳಿಯರಿಗೆ ಬಿಸಿಲಿನಿಂದ ಬರುವುದಲ್ಲವೇ?
– ಶಿರಸಿ ತಾಲೂಕಿನ ಓದುಗರು

ಉತ್ತರ: ಬಿಳಿ ಚರ್ಮದವರಿಗೆ ಹೆಚ್ಚು, ಬಿಸಿಲಿಗೂ ಅದಕ್ಕೂ ನಂಟು ಉಂಟು, ಎರಡೂ ನಿಜ. ಆದರೆ ನಮ್ಮ ಮೈಬಣ್ಣದವರಲ್ಲಿ ಮೆಲನೋಮಾ ಬಂದರೆ ಬಹಳ ಸಲ ಬಿಸಿಲೇ ಕಾಣದ ಜಾಗ ಹಿಡಿಯುತ್ತದೆ: ಅಂಗಾಲು, ಅಂಗೈ, ಉಗುರಿನ ಅಡಿ. ಇದಕ್ಕೆ ಅಕ್ರಲ್ ಮೆಲನೋಮಾ ಎನ್ನುತ್ತಾರೆ. ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಡಿ ಕಂಡದ್ದು ಇದೇ. 1981ರಲ್ಲಿ ತೀರಿಹೋದಾಗ ಅವರಿಗೆ 36 ವರ್ಷ.

ಬರಿಗಾಲಲ್ಲಿ ತೋಟ ತಿರುಗುವವರ ಅಂಗಾಲಿನಲ್ಲಿ ಕಲೆಗಳಿಗೇನು ಬರವೇ? ಮುಳ್ಳು ಮುರಿದದ್ದು, ಉಂಬಳ ಕಚ್ಚಿದ್ದು, ಅಡಿಕೆ ಚೊಗರು ಅಂಟಿದ್ದು. ಅದಕ್ಕೇ ಇದು ತಡವಾಗಿ ಕಣ್ಣಿಗೆ ಬೀಳುತ್ತದೆ. ಚೊಗರಿನ ಕಲೆ ತೊಳೆಯುತ್ತಾ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಆಣಿ ಗಟ್ಟಿ, ಹಳದಿ ಬಣ್ಣದ್ದು, ಒತ್ತಿದರೆ ನೋವು. ಉಗುರಿಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಉಗುರಿನ ಜೊತೆ ಮುಂದೆ ಸರಿಯುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ. ಬೆಳೆಯುವುದರಿಂದ ಎರಡು ತಿಂಗಳ ಅಂತರದ ಎರಡು ಫೋಟೋ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಕಲೆ ಅಲ್ಲೇ ಕೂತಿದ್ದರೆ, ಅಥವಾ ಕಪ್ಪು ಉಗುರು ದಾಟಿ ಸುತ್ತಲ ಚರ್ಮಕ್ಕೂ ಹರಡಿದ್ದರೆ ಕಾಯಬೇಡಿ. ನಿಮ್ಮಪ್ಪಯ್ಯನದು ಅಗಲವಾಗಿ, ರಕ್ತ ಬರುತ್ತಿದೆ ಎಂದಮೇಲೆ ಈ ಪರೀಕ್ಷೆಗಳ ಹಂತ ದಾಟಿದೆ. ಈ ವಾರವೇ ತೋರಿಸಿ.

ಎಣ್ಣೆ, ಸುಣ್ಣ, ಸೋಡಾ ಎಲ್ಲ ಇಂದೇ ನಿಲ್ಲಿಸಿ. ಮೇಲಿನದು ಸುಟ್ಟು ಹೋದರೂ ಬುಡ ಒಳಗಿಳಿಯುತ್ತಿರುತ್ತದೆ, ಆಮೇಲೆ ಅದರ ಆಳ ಅಳೆಯಲು ಬರುವುದಿಲ್ಲ. ಈ ಕಾಯಿಲೆಯಲ್ಲಿ ಮೊದಲು ಬೇಕಾದದ್ದೇ ಆ ಆಳ. ರಿಪೋರ್ಟಿನಲ್ಲಿ 'ಬ್ರೆಸ್ಲೋ' ಎಂದು ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ. 1 ಮಿ.ಮೀ. ಒಳಗಿದ್ದರೆ ಸುತ್ತ 1 ಸೆಂ.ಮೀ. ಚೆನ್ನಾಗಿರುವ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ, 2 ಮಿ.ಮೀ. ಮೀರಿದ್ದರೆ 2 ಸೆಂ.ಮೀ. ಆಳ 0.8 ಮಿ.ಮೀ. ಮುಟ್ಟಿದರೆ ತೊಡೆಸಂದಿನ ದುಗ್ಧಗ್ರಂಥಿಯ (ಲಿಂಫ್ ನೋಡ್) ಪರೀಕ್ಷೆಯ ಮಾತೂ ಬರುತ್ತದೆ.

ಆದ್ದರಿಂದ ಬಯಾಪ್ಸಿಯಲ್ಲಿ, ಅಂದರೆ ಲ್ಯಾಬಿನ ಪರೀಕ್ಷೆಗೆಂದು ತುಂಡು ತೆಗೆಯುವಾಗ, ಮೇಲ್ಮೇಲೆ ಹೆರೆಯಬಾರದು. ಆದಷ್ಟು ಮಟ್ಟಿಗೆ ಇಡೀ ಕಲೆಯನ್ನು ಚರ್ಮದ ಪೂರ್ತಿ ಆಳಕ್ಕೆ ತೆಗೆಯಬೇಕು. ದೊಡ್ಡದಿದ್ದರೆ ಹೆಚ್ಚು ದಪ್ಪಗಿರುವ ಕಡೆಯಿಂದ ತುಂಡು. ತೆಗೆದದ್ದು ಫಾರ್ಮಲಿನ್ ಬಾಟಲಿಗೇ ಹೋಗಬೇಕು, ಸ್ಪಿರಿಟ್ಟಿಗಲ್ಲ. 'ಬರೀ ಮಚ್ಚೆ' ಎಂದು ಕಿತ್ತು ಬುಟ್ಟಿಗೆ ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಪರೀಕ್ಷೆಗೆ ಕಳಿಸುತ್ತೀರಾ ಎಂದು ಮೊದಲೇ ಕೇಳಿ.

ಪ್ರಶ್ನೆ: ಅಮ್ಮನಿಗೆ ಅಂಗಾಲಿನ ಮೆಲನೋಮಾಕ್ಕೆ ಆಪರೇಶನ್ ಆಗಿ ಎರಡು ವರ್ಷ. ತೊಡೆಸಂದಿನ ಗಡ್ಡೆಗಳನ್ನೂ ತೆಗೆದಿದ್ದಾರೆ. ಸಂಜೆಯಾದರೆ ಕಾಲು ಬಾತುಕೊಳ್ಳುತ್ತದೆ. ತಿರುಗಿ ಬಂತೇ?
– ಕಾರವಾರ

ಉತ್ತರ: ಬಾವು ಬಂದ ಮಾತ್ರಕ್ಕೆ ಕಾಯಿಲೆ ತಿರುಗಿತೆಂದಲ್ಲ. ಗ್ರಂಥಿ ತೆಗೆದ ಮೇಲೆ ದುಗ್ಧರಸ ಮೇಲೆ ಹತ್ತುವ ದಾರಿ ಕಡಿಮೆಯಾಗಿ ಕಾಲಲ್ಲೇ ನಿಲ್ಲುತ್ತದೆ. ಆದರೂ ಬಾವು ಹೊಸತಾಗಿದ್ದರೆ, ಒಮ್ಮೆಲೇ ಬಂದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೂ ಹೀಗಾಗಬಹುದು. ಅದಲ್ಲವೆಂದು ಗೊತ್ತಾದ ಮೇಲೆ ಅಳತೆ ಕೊಟ್ಟು ತಂದ ಒತ್ತುಕಾಲ್ಚೀಲವನ್ನು (ಕಂಪ್ರೆಶನ್ ಸ್ಟಾಕಿಂಗ್) ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಸಿ, ರಾತ್ರಿ ತೆಗೆಯಿರಿ. ಬಾತ ಮೇಲೆ ಏರಿಸಿದರೆ ಪ್ರಯೋಜನವಿಲ್ಲ. ಕಾಲಿನ ಹರಡಿನ ಮೇಲೆ, ಮೊಣಕಾಲಿನ ಕೆಳಗೆ, ಎರಡೂ ಕಾಲಿಗೆ ವಾರಕ್ಕೊಮ್ಮೆ ಟೇಪ್ ಹಿಡಿದು ಬರೆದಿಡಿ. 2 ಸೆಂ.ಮೀ. ವ್ಯತ್ಯಾಸ ಬಂದರೆ ಫಿಸಿಯೋಥೆರಪಿಯವರನ್ನು ಕಾಣಿ.

ಮಳೆಗಾಲದ ಕೆಸರುಹುಣ್ಣು ಈ ಕಾಲಿಗೆ ಶತ್ರು. ಬೆರಳ ಸಂದಿ ಒರೆಸಿ ಒಣಗಿಸಬೇಕು, ಅಂಗಳಕ್ಕೂ ಚಪ್ಪಲಿ ಬೇಕು. ಕಾಲು ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ನಾಳೆಗೆಂದು ಇಡಬೇಡಿ, ಅದೇ ದಿನ ಆಂಟಿಬಯಾಟಿಕ್ ಶುರುವಾಗಬೇಕು.

ಕಾಯಿಲೆ ತಿರುಗುವುದನ್ನು ಹುಡುಕುವುದು ಬೇರೆ ಕಡೆ. ತಿಂಗಳಿಗೊಮ್ಮೆ ಸ್ನಾನದ ಹೊತ್ತಿಗೆ ಗಾಯದ ಗುರುತಿನಿಂದ ತೊಡೆಸಂದಿಯವರೆಗೆ ಬೆರಳ ತುದಿಯಿಂದ ನಿಧಾನ ಸವರಿ. ಅಲಸಂದೆ ಕಾಳಿನಷ್ಟು ಗಟ್ಟಿ ಗಂಟು, ಹೊಸ ಕಪ್ಪು ಚುಕ್ಕೆ ಸಿಕ್ಕರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಹೋಗಿ. ಇನ್ನೊಂದು ಕಾಲಿನ ಅಂಗಾಲನ್ನೂ ಕನ್ನಡಿ ಹಿಡಿದು ನೋಡಿ.

ಪ್ರಶ್ನೆ: ನಾನು ಈ ಕಾಯಿಲೆಯಿಂದ ಪಾರಾದವಳು. ನಮ್ಮೂರಲ್ಲಿ ಕ್ಯಾನ್ಸರ್ ಬಂದ ಬೇರೆಯವರಿಗೆ ಏನು ಮಾಡಬಹುದು?
– ಅಂಕೋಲಾ

ಉತ್ತರ: ಮೊದಲು ಏನು ಮಾಡಬಾರದು ಎಂಬುದು. 'ನನಗೆ ಗುಣವಾಯಿತು, ನಿಮಗೂ ಆಗುತ್ತದೆ' ಎನ್ನಬೇಡಿ. ನಿಮ್ಮ ಗಡ್ಡೆಯ ಆಳ ಬೇರೆ, ಅವರದು ಬೇರೆ. ನಿಮ್ಮ ಔಷಧದ ಹೆಸರನ್ನೂ ಹೇಳಬೇಡಿ: ನಿವೊಲುಮ್ಯಾಬ್‌ನಂಥ ಇಮ್ಯೂನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ) ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಬೇಕೇ ಆಗಿರುವುದಿಲ್ಲ, ಮೇಲೆ ಬೆಲೆ ಕೇಳಿ ಆ ಮನೆಯವರು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ.

ನೀವು ಫೈಲು ಹಿಡಿಯಿರಿ. ನಮ್ಮ ಕರಾವಳಿಯ ರೋಗಿ ಮಣಿಪಾಲಕ್ಕೆ, ಹುಬ್ಬಳ್ಳಿಗೆ, ಗೋವಾದ ಬಾಂಬೋಳಿಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಲೆಯಬೇಕು. ಹೋದಲ್ಲೆಲ್ಲ ಹಳೆ ಕಾಗದ ಕೇಳುತ್ತಾರೆ. ಬಯಾಪ್ಸಿ ರಿಪೋರ್ಟ್ ಸಾಲದು, ಅದರ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ (ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿದ್ದು) ಲ್ಯಾಬಿನಿಂದ ಬರೆದುಕೊಟ್ಟು ಪಡೆಯಬೇಕು. ಇದೊಂದಿಲ್ಲದೆ ಕುಮಟಾದಿಂದ ಹೋದವರು ಒಂದು ದಿನ ಹಾಳುಮಾಡಿಕೊಂಡು ವಾಪಸ್ ಬರುತ್ತಾರೆ. ಬ್ಲಾಕ್ ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಬಳಿ ಇಡಬೇಡಿ, ಮೇಣ ಕರಗೀತು.

ಹಣದ ವಿಷಯ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿ, ದಾಖಲಾದ ಮೇಲೆ ಓಡಾಡಿ ಫಲವಿಲ್ಲ. ಗೋವಾಕ್ಕೆ ಹೋಗುವವರು ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಲಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ 75 ಶೇಕಡಾ. ಅದಕ್ಕೆ ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲೇ ಸಹಿ, ಸೀಲು ಹಾಕಿಕೊಡಬೇಕು, ಬರೀ ಚೀಟಿ ಕೌಂಟರಿನಲ್ಲಿ ನಡೆಯದು.

ಇವೆಲ್ಲ ಆದಮೇಲೆ ಒಂದು ಮಧ್ಯಾಹ್ನ ಗಂಜಿ ಮಾಡಿಕೊಂಡು ಹೋಗಿ ಸುಮ್ಮನೆ ಕೂತರೂ ಆದೀತು. ಮಾತು ಅವರೇ ತೆಗೆಯಲಿ. ನಿಮ್ಮ ಗಾಯದ ಗುರುತು ತೋರಿಸಿ ಎಂದರೆ ತೋರಿಸಿ, ಕೇಳದಿದ್ದರೆ ಬೇಡ. ನಿದ್ದೆಗೆಟ್ಟು ಬದುಕು ಬೇಡವೆನ್ನುವ ಮಾತು ಬಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಪಕ್ಕದಲ್ಲಿ ಕೂತು ಕರೆ ಮಾಡಿಸಿ.

ಪ್ರಶ್ನೆ: ಮನೆಯಲ್ಲಿ ತಟ್ಟೆ, ಟವೆಲ್ ಬೇರೆ ಇಡಬೇಕೇ?
– ಭಟ್ಕಳ

ಉತ್ತರ: ಬೇಡ. ಮೆಲನೋಮಾ ಅಂಟುವುದಿಲ್ಲ. ಮೊಮ್ಮಕ್ಕಳು ತೊಡೆಯ ಮೇಲೆ ಕೂರಲಿ. ಆದರೆ ರಕ್ತಸಂಬಂಧಿಕರು ತಮ್ಮ ಅಂಗಾಲು, ಉಗುರುಗಳನ್ನು ಒಮ್ಮೆ ನೋಡಿಕೊಳ್ಳಲಿ.